ಶಿಶುಪಾಲನೆಯೂ ಆಪ್ತವಾಕ್ಯವೂ

ಮಕ್ಕಳಿರುವ ಮನೆಗೆ ರಾತ್ರಿಯು ದೊಡ್ಡದು. ಹಗಲೆಲ್ಲ ಆಡಿಕೊಂಡಿದ್ದ ಕೂಸು ನಡುರಾತ್ರಿಯಲ್ಲಿ ಮೈ ಕಾದು ಅಳತೊಡಗಿದರೆ ತಾಯಿತಂದೆಗಳ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: ಮಗುವಿಗೆ ಏನಾಗಿದೆ? ಯಾರನ್ನು ಕೇಳೋಣ? ಮೊದಲನೆಯದು ವೈದ್ಯಶಾಸ್ತ್ರಕ್ಕೆ ಸೇರಿದ್ದು. ಅದನ್ನು ಕುರಿತು ಬರೆಯುವ ಅಧಿಕಾರ ನನಗಿಲ್ಲ. ಎರಡನೆಯದು ನೀತಿವಿಚಾರಕ್ಕೆ ಸೇರಿದ್ದು. ಯಾರ ಮಾತನ್ನು ನಂಬಿ ನಡೆಯಬೇಕೆಂಬುದು ಎಲ್ಲ ಕಾಲದಲ್ಲಿಯೂ ಕಠಿನವಾದ ಪ್ರಶ್ನೆಯೇ ಸರಿ. ಆದರೆ ನಂಬುವವರು ತಾವಾಗಿ, ಆ ನಂಬಿಕೆಯ ಫಲವನ್ನು ಉಣ್ಣುವುದು ಮಾತು ಬಾರದ ಶಿಶುವಾದಾಗ ಅದರ ಭಾರವು ಇಮ್ಮಡಿಯಾಗುತ್ತದೆ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಈ ಎರಡನೆಯ ಪ್ರಶ್ನೆಗೆ ಹಿಂದೆ ಉತ್ತರವು ಸಿದ್ಧವಾಗಿತ್ತು. ಮೊದಲು ಅತ್ತೆ, ಅನಂತರ ನಾಲ್ಕಾರು ಮಕ್ಕಳನ್ನು ಹೆತ್ತು ಸಾಕಿದ ನೆರೆಮನೆಯ ಮುದುಕಿ, ಆಮೇಲೆ ನಾಟಿವೈದ್ಯ, ಮೈಮೇಲೆ ದಡಾರವೆದ್ದರೆ "ಅಮ್ಮ ಬಂದಿದ್ದಾಳೆ" ಎಂದು ಬೇವಿನ ಸೊಪ್ಪು, ಗುಡಿಯ ತೀರ್ಥ, ಯಾವುದಕ್ಕೂ ಬಗ್ಗದೆ ಹೋದರೆ ಗಾಡಿ ಕಟ್ಟಿ ತಾಲ್ಲೂಕಿನ ಆಸ್ಪತ್ರೆಗೆ ಪ್ರಯಾಣ. ಈಗ ಆ ಕ್ರಮವು ತಲೆಕೆಳಗಾಗಿದೆ. ದಂಡಿನಶಿವರದ ಸುತ್ತಣ ತೋಟದ ಮನೆಗಳಲ್ಲಿಯೂ ತಾಯಿಯ ತಲೆದಿಂಬಿನ ಬಳಿ ಮೊಬೈಲು ಫೋನು ಇರುತ್ತದೆ. ಅತ್ತೆಯನ್ನು ಎಬ್ಬಿಸುವುದಕ್ಕೆ ಮುಂಚೆ ಸೊಸೆಯು ಅದನ್ನು ಎಬ್ಬಿಸುತ್ತಾಳೆ. ಅಂತರ್ಜಾಲವು ನಿದ್ರಿಸುವುದಿಲ್ಲ, ಗದರಿಸುವುದಿಲ್ಲ, "ಇಷ್ಟೂ ಗೊತ್ತಿಲ್ಲವೆ?" ಎಂದು ಮೂದಲಿಸುವುದಿಲ್ಲ, ಕೇಳಿದ ಕ್ಷಣದಲ್ಲಿ ನೂರು ಉತ್ತರಗಳನ್ನು ತಂದು ಮುಂದೆ ಸುರಿಯುತ್ತದೆ. ಹೀಗೆ ಕೇಳುವುದು ಸರಿಯೆ? ಕೇಳಿದುದನ್ನು ನಂಬುವುದು ಸರಿಯೆ? ನಂಬಿದುದನ್ನು ಇತರರಿಗೆ ಹೇಳುವುದು ಸರಿಯೆ? ಈ ಮೂರನ್ನು ಯಥಾಶಕ್ತಿ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಇತರರ ತಪ್ಪನ್ನು ಎಣಿಸುವುದಕ್ಕೆ ಮುಂಚೆ ನನ್ನದನ್ನು ಹೇಳಿಬಿಡುವುದು ಮೇಲು. 2017ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ದಡಾರ ಮತ್ತು ರುಬೆಲ್ಲ ಎಂಬ ಎರಡು ರೋಗಗಳನ್ನು ತಡೆಯುವ ಒಂದು ಚುಚ್ಚುಮದ್ದನ್ನು, ಒಂಬತ್ತು ತಿಂಗಳು ತುಂಬಿದ ಕೂಸಿನಿಂದ ಹಿಡಿದು ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹಾಕುವ ದೊಡ್ಡ ಕಾರ್ಯವು ಕರ್ಣಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಆರಂಭವಾಯಿತು. ಈ ಐದು ಕಡೆಗಳಲ್ಲಿ ಸೇರಿ 3.6 ಕೋಟಿ ಮಕ್ಕಳಿಗೆ ಮದ್ದು ಹಾಕಬೇಕೆಂಬುದು ಸಂಕಲ್ಪ. ಅದೇ ದಿನಗಳಲ್ಲಿ, ಈ ಮದ್ದನ್ನು ಹಾಕಿಸಿಕೊಂಡ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲವೆಂದೂ, ಇದೊಂದು ಒಳಸಂಚೆಂದೂ ಹೇಳುವ ಸಂದೇಶಗಳು ವಾಟ್ಸಾಪಿನಲ್ಲಿ ಊರಿಂದೂರಿಗೆ ಹರಿದಾಡಿದವು. ಅವುಗಳಲ್ಲೊಂದು ಹಳೆಯ ಸ್ನೇಹಿತರೊಬ್ಬರಿಂದ ನನಗೆ ಬಂದಿತು. ನಾನು ಅದನ್ನು ಅರ್ಧ ಓದಿದೆ; ನಂಬಿದೆನೆಂದು ಹೇಳಲಾರೆ, ನಂಬಲಿಲ್ಲವೆಂದೂ ಹೇಳಲಾರೆ. "ಯಾವುದಕ್ಕೂ ಇರಲಿ, ಮಕ್ಕಳ ವಿಷಯ" ಎಂದುಕೊಂಡು, ನನ್ನ ಹಳೆಯ ವಿದ್ಯಾರ್ಥಿಗಳಿರುವ ಗುಂಪಿಗೆ ಅದನ್ನು ಕಳುಹಿಸಿ ಕೈತೊಳೆದುಕೊಂಡೆ. ಹತ್ತು ದಿನಗಳ ಮೇಲೆ ಊರಿನ ಶಾಲೆಯ ಉಪಾಧ್ಯಾಯಿನಿಯವರು ದಾರಿಯಲ್ಲಿ ಸಿಕ್ಕಿ, ಚುಚ್ಚುಮದ್ದಿನ ದಿನ ಕೆಲವರು ಮಕ್ಕಳನ್ನು ಶಾಲೆಗೆ ಕಳುಹಿಸಲೇ ಇಲ್ಲವೆಂದು ಬೇಸರಪಟ್ಟರು. ಅವರಲ್ಲೊಬ್ಬನು ನನ್ನ ಬಳಿ ಓದಿದವನು. ಸಂಜೆ ಅವನ ಮನೆಗೆ ಹೋಗಿ ಕೇಳಿದೆನು. ಅವನು ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ. "ನಾವು ಹಾಕಿಸೋಣ ಅಂತಲೇ ಇದ್ದೆವು, ಮೇಷ್ಟ್ರೇ. ತಾವೇ ಕಳಿಸಿದ ಮೇಲೆ ಸುಳ್ಳಿರುತ್ತದೆಯೆ ಅಂತ ಬಿಟ್ಟೆವು."

ಅವನು ನಂಬಿದ್ದು ಫೋನನ್ನಲ್ಲ, ಅಂತರ್ಜಾಲವನ್ನೂ ಅಲ್ಲ, ನನ್ನನ್ನು. ಮೂವತ್ತು ವರ್ಷ ಪಾಠ ಹೇಳಿ ಸಂಪಾದಿಸಿದ ವಿಶ್ವಾಸವನ್ನು ನಾನು ಯಾರೋ ಮುಖವರಿಯದವನ ಸುಳ್ಳಿಗೆ ಕಡ ಕೊಟ್ಟಿದ್ದೆನು. ಈ ಸಂಗತಿಯ ಮುಂದಿನ ಭಾಗವನ್ನು ಕಡೆಯಲ್ಲಿ ಹೇಳುತ್ತೇನೆ.

ಈಗ ಮೊದಲನೆಯ ಪ್ರಶ್ನೆ. ವೈದ್ಯವಿಷಯಗಳನ್ನು ಗೃಹಸ್ಥರು ತಾವಾಗಿ ವಿಚಾರಿಸುವುದೇ ತಪ್ಪು, ಎಲ್ಲವನ್ನೂ ವೈದ್ಯರಿಗೆ ಬಿಟ್ಟುಬಿಡಬೇಕು ಎಂದು ಹೇಳುವವರುಂಟು. ಈ ಪಕ್ಷದಲ್ಲಿ ಒಂದಂಶ ಸತ್ಯವಿದ್ದರೂ ಇದನ್ನು ಪೂರ್ತಿಯಾಗಿ ಒಪ್ಪುವುದು ಸಾಧ್ಯವಿಲ್ಲ. ವೈದ್ಯವಿದ್ಯೆಯನ್ನು ಜನರ ಭಾಷೆಯಲ್ಲಿ ಹೇಳುವ ಸಂಪ್ರದಾಯವು ಕನ್ನಡದಲ್ಲಿ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಸನು ವಿಷವೈದ್ಯವನ್ನು ಕುರಿತು 'ಖಗೇಂದ್ರಮಣಿದರ್ಪಣ'ವನ್ನು ಬರೆದನು. ಕಳೆದ ಶತಮಾನದಲ್ಲಿ ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು 'ತಾಯಿ ಮಗು' ಮೊದಲಾದ ಪುಸ್ತಕಗಳಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಶರೀರಜ್ಞಾನವನ್ನು ಸಂಕೋಚವಿಲ್ಲದೆ ತಿಳಿಸಿಕೊಟ್ಟರು. ಆ ಪುಸ್ತಕವನ್ನು ಓದಿದ ತಾಯಿ ತಪ್ಪು ಮಾಡಿದಳೆಂದು ಯಾರೂ ಹೇಳರಷ್ಟೆ. ಹಾಗಾದರೆ ಅದೇ ವಿಷಯವನ್ನು ಫೋನಿನಲ್ಲಿ ಓದಿದ ತಾಯಿಯನ್ನು ಹಳಿಯುವುದು ಹೇಗೆ?

ಇಷ್ಟೇ ಅಲ್ಲ, ಕೆಲವು ರೋಗಗಳಲ್ಲಿ ಮನೆಯವರ ತಿಳಿವಳಿಕೆಯೇ ಮುಖ್ಯವಾದ ಔಷಧ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರು ಬಂಗಾಳದ ಬನಗಾಂವಿನಲ್ಲಿ ಕಿಕ್ಕಿರಿದಿದ್ದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹರಿಸುವ ದ್ರವವು ಮುಗಿಯುತ್ತ ಬಂದಿತು. ಆಗ ಡಾಕ್ಟರ್ ದಿಲೀಪ್ ಮಹಲನೊಬಿಸ್ ಅವರು ಉಪ್ಪು, ಗ್ಲೂಕೋಸು, ಸೋಡಾಗಳನ್ನು ನೀರಿನಲ್ಲಿ ಕಲಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಮರಣವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು. ಒಂದು ಲೀಟರು ಶುದ್ಧವಾದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು: ಓ.ಆರ್.ಎಸ್. ಪೊಟ್ಟಣವು ಸಿಕ್ಕದೆ ಇದ್ದಾಗ ಇಷ್ಟನ್ನು ಅರಿತ ತಾಯಿಯು ಭೇದಿಯಾದ ಮಗುವಿನ ಪ್ರಾಣವನ್ನು ಕಾಯಬಲ್ಲಳು. ಎರಡು ವರ್ಷದ ಕೆಳಗೆ ನಮ್ಮ ಹೋಬಳಿಯ ತೋಟದ ಮನೆಯೊಂದರಲ್ಲಿ ಎಂಟು ತಿಂಗಳ ಕೂಸಿಗೆ ಭೇದಿಯಾಯಿತು. "ಹಾಲು ನಿಲ್ಲಿಸು, ಎಳನೀರು ಹಾಕು, ಬೇರೆ ಏನೂ ಬೇಡ" ಎಂದು ಅಜ್ಜಿಯ ಅಪ್ಪಣೆಯಾಯಿತು. ಸೊಸೆಯು ಫೋನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರ ಸೂಚನೆಗಳನ್ನು ಹುಡುಕಿ ಓದಿ, ಎದೆಹಾಲನ್ನು ನಿಲ್ಲಿಸದೆ, ಪೊಟ್ಟಣದ ನೀರನ್ನು ಚಮಚದಲ್ಲಿ ಹನಿಹನಿಯಾಗಿ ಕುಡಿಸಿ, ಬೆಳಗಾದೊಡನೆ ಆಸ್ಪತ್ರೆಗೆ ಕರೆದೊಯ್ದಳು. ಅವಳು ಮಾಡಿದ್ದೇ ಸರಿಯೆಂದು ವೈದ್ಯರು ಹೇಳಿದರು. ಎಳನೀರು ನಮ್ಮ ಸೀಮೆಯ ಅಮೃತವೇ ಹೌದು. ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಭೇದಿಯಲ್ಲಿ ಕಳೆದುಹೋದ ಲವಣವನ್ನು ಅದೊಂದೇ ತುಂಬಲಾರದು. ಅಲ್ಲಿ ಅತ್ತೆಯ ಪ್ರೀತಿಗಿಂತ ಸೊಸೆಯ ಓದು ಮಗುವಿಗೆ ಹಿತವಾಯಿತು.

ಇನ್ನು, ಎಲ್ಲವನ್ನೂ ವೈದ್ಯರಿಗೆ ಬಿಟ್ಟರೆ ಅಪಾಯವೇ ಇಲ್ಲವೆಂಬುದೂ ನಿಜವಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಸೀಮೆಯಲ್ಲಿ ಕೆಮ್ಮಿಗೆಂದು ಕೊಟ್ಟ ಸಿಹಿ ಔಷಧವನ್ನು ಕುಡಿದು 20ಕ್ಕೂ ಹೆಚ್ಚು ಎಳೆಯ ಮಕ್ಕಳು ಮೂತ್ರಪಿಂಡಗಳು ಕೆಟ್ಟು ಸತ್ತರು. ಆ ಔಷಧದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವು ಬೆರೆತಿತ್ತೆಂದು ಪರೀಕ್ಷೆಯಿಂದ ಗೊತ್ತಾಯಿತು. ವೈದ್ಯರ ಚೀಟಿಯನ್ನು ಹಿಡಿದು ಹೋಗಿ ಕೊಂಡು ತಂದ ತಂದೆತಾಯಿಗಳು ಅಲ್ಲಿದ್ದರು. ಅವರು ಯಾವ ಅವಿಧೇಯತೆಯನ್ನೂ ಮಾಡಿರಲಿಲ್ಲ. ಆ ಸುದ್ದಿಯು ಫೋನುಗಳ ಮೂಲಕ ಹರಡಿದ್ದರಿಂದಲೇ ದೇಶದ ಎಷ್ಟೋ ಮನೆಗಳವರು ಕಪಾಟಿನಲ್ಲಿದ್ದ ಸೀಸೆಗಳನ್ನು ತೆಗೆದು ನೋಡಿದರು. ಆದಕಾರಣ ಪ್ರಶ್ನಿಸುವುದು ತಾಯಿತಂದೆಗಳ ಹಕ್ಕಷ್ಟೇ ಅಲ್ಲ, ಕರ್ತವ್ಯವೂ ಹೌದು. ಮೊದಲನೆಯ ಪ್ರಶ್ನೆಗೆ ಉತ್ತರವು ಹೀಗೆ ಸ್ಪಷ್ಟವಾಗಿದೆ: ಕೇಳುವುದು ತಪ್ಪಲ್ಲ.

ಇಲ್ಲಿಂದ ಕೆಲವರು ಇನ್ನೊಂದು ಕೊನೆಗೆ ಜಿಗಿಯುತ್ತಾರೆ. ವೈದ್ಯರೂ ತಪ್ಪುವರು, ಸರ್ಕಾರವೂ ತಪ್ಪುವುದು. ಎಲ್ಲ ಜ್ಞಾನವೂ ಅಂಗೈಯಲ್ಲಿದೆ. ಪ್ರತಿಯೊಬ್ಬನೂ ತಾನೇ ಓದಿ ತಾನೇ ನಿರ್ಣಯಿಸಲಿ, ಎಂಬುದು ಅವರ ವಾದ. ಇದು ಕೇಳುವುದಕ್ಕೆ ಪೌರುಷವುಳ್ಳ ಮಾತು. ಆದರೆ ಇದರಲ್ಲಿ ಒಂದು ಮರೆವುಂಟು. ಫೋನಿನಲ್ಲಿ ಓದಿದವನು ತಾನೇ ಕಂಡುಕೊಂಡದ್ದೇನೂ ಇಲ್ಲ. ಅವನು ಮತ್ತೊಬ್ಬರ ಮಾತನ್ನು ಕೇಳಿದ್ದಾನೆ, ಅಷ್ಟೆ. ವೈದ್ಯರನ್ನು ಬಿಟ್ಟು ಯೂಟ್ಯೂಬಿನ ಭಾಷಣಕಾರನನ್ನು ಹಿಡಿದವನು ಪರಾಧೀನತೆಯಿಂದ ಬಿಡುಗಡೆ ಹೊಂದಲಿಲ್ಲ, ಒಡೆಯನನ್ನು ಬದಲಾಯಿಸಿಕೊಂಡನು. ಆದ್ದರಿಂದ ಪ್ರಶ್ನೆಯು ಮರಳಿ ಅಲ್ಲಿಗೇ ಬರುತ್ತದೆ: ಯಾರ ಮಾತು ಪ್ರಮಾಣ?

ಈ ವಿಷಯದಲ್ಲಿ ನಮ್ಮ ಪೂರ್ವಿಕರು ಬಹು ಸೂಕ್ಷ್ಮವಾಗಿ ಯೋಚಿಸಿದ್ದಾರೆ. ನ್ಯಾಯಶಾಸ್ತ್ರವು ಶಬ್ದವನ್ನು ಪ್ರಮಾಣಗಳಲ್ಲೊಂದೆಂದು ಒಪ್ಪುತ್ತದೆ. ಆದರೆ ಎಲ್ಲ ಶಬ್ದವನ್ನೂ ಅಲ್ಲ, ಆಪ್ತನ ಶಬ್ದವನ್ನು ಮಾತ್ರ. ಆಪ್ತನೆಂದರೆ ಯಾರು? ನಂಟನೆಂದಾಗಲಿ ಸ್ನೇಹಿತನೆಂದಾಗಲಿ ಅರ್ಥವಲ್ಲ. ವಿಷಯವನ್ನು ನೇರಾಗಿ ಅರಿತವನು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು, ಅವನೇ ಆಪ್ತನೆಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸುತ್ತಾನೆ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಹೇಳಿರುವುದು ಮನನಮಾಡತಕ್ಕ ಮಾತು. ಹುಟ್ಟು, ಮತ, ದೇಶ ಯಾವುದೂ ಆಪ್ತತ್ವಕ್ಕೆ ಕಾರಣವಲ್ಲ. ಅರಿವು ಮತ್ತು ಪ್ರಾಮಾಣಿಕತೆಗಳೇ ಕಾರಣ. ಚರಕಸಂಹಿತೆಯು ವೈದ್ಯವಿಷಯದಲ್ಲಿಯೇ ನಾಲ್ಕು ಬಗೆಯ ಪರೀಕ್ಷೆಗಳನ್ನು ಹೇಳುತ್ತದೆ: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ. ಆಪ್ತನ ಮಾತೊಂದೇ ಸಾಲದು, ಕಣ್ಣಿಂದ ನೋಡಬೇಕು, ಊಹಿಸಬೇಕು, ಕಾರಣಗಳನ್ನು ಕೂಡಿಸಿ ತೂಗಬೇಕು ಎಂಬುದು ಇದರ ತಾತ್ಪರ್ಯ.

ಈ ಲಕ್ಷಣವನ್ನು ಅಂತರ್ಜಾಲಕ್ಕೆ ಹಚ್ಚಿ ನೋಡೋಣ. ಅಂತರ್ಜಾಲವೆಂಬುದು ಒಬ್ಬ ವ್ಯಕ್ತಿಯಲ್ಲ, ಅದೊಂದು ಸಂತೆ. ಸಂತೆಯು ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಅಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗಡಿಯೂ ಉಂಟು, ಬೂದಿಯನ್ನು ಭಸ್ಮವೆಂದು ಮಾರುವವನ ಅಂಗಡಿಯೂ ಉಂಟು; ಎರಡಕ್ಕೂ ಒಂದೇ ಬಗೆಯ ಹಲಗೆ. ಅಲ್ಲಿನ ಬಹುಮಂದಿ ವರ್ತಕರಿಗೆ ಲಾಭ ಬರುವುದು ನಮ್ಮ ಮಗು ಗುಣವಾಗುವುದರಿಂದಲ್ಲ, ನಾವು ಹೆಚ್ಚು ಹೊತ್ತು ನೋಡುತ್ತ ನಿಲ್ಲುವುದರಿಂದ. ಭಯವಿದ್ದವನು ಹೆಚ್ಚು ಹೊತ್ತು ನಿಲ್ಲುತ್ತಾನೆ. ಆದ್ದರಿಂದ ಭಯ ಹುಟ್ಟಿಸುವ ಸರಕು ಮುಂದಿನ ಸಾಲಿಗೆ ಬರುತ್ತದೆ. ಈಚೆಗಂತೂ ಪ್ರಶ್ನೆ ಕೇಳಿದೊಡನೆ ಯಂತ್ರವೇ ನಯವಾದ ಕನ್ನಡದಲ್ಲಿ ಉತ್ತರ ಹೇಳುತ್ತದೆ. ಅದರ ಉತ್ತರವು ಎಷ್ಟೋ ವೇಳೆ ಸರಿಯಾಗಿಯೇ ಇರಬಹುದು. ಆದರೆ ಅದು ಮಗುವನ್ನು ನೋಡಿಲ್ಲ, ತಪ್ಪಿದರೆ ಬಂದು ಮುಖ ತೋರಿಸುವಂತೆಯೂ ಇಲ್ಲ. ಆಪ್ತಲಕ್ಷಣಕ್ಕೆ ನಾನು ನನ್ನ ಅಲ್ಪಮತಿಯಿಂದ ಮೂರನೆಯ ಅಂಶವೊಂದನ್ನು ಸೇರಿಸಬಯಸುತ್ತೇನೆ: ತನ್ನ ಮಾತಿಗೆ ತಾನು ಹೊಣೆಯಾಗಿ ನಿಲ್ಲುವವನು, ತಪ್ಪಾದರೆ ತಪ್ಪೆಂದು ಒಪ್ಪುವವನು ಆಪ್ತನು.

ಈ ಮೂರನೆಯ ಅಂಶದ ಬೆಲೆಯನ್ನು ತೋರಿಸುವುದಕ್ಕೆ ಒಂದು ನಿದರ್ಶನ ಸಾಕು. 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಎಂಬ ಆಂಗ್ಲ ವೈದ್ಯನು 12 ಮಕ್ಕಳ ವೃತ್ತಾಂತವನ್ನು ಆಧಾರವಾಗಿಟ್ಟುಕೊಂಡು, ದಡಾರವೇ ಮೊದಲಾದ ಮೂರು ರೋಗಗಳ ಚುಚ್ಚುಮದ್ದಿಗೂ ಆಟಿಸಂ ಎಂಬ ಸ್ಥಿತಿಗೂ ಸಂಬಂಧವಿರಬಹುದೆಂಬ ಲೇಖನವನ್ನು 'ಲ್ಯಾನ್ಸೆಟ್' ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ಅನೇಕ ದೇಶಗಳಲ್ಲಿ ಲಕ್ಷಾಂತರ ಮಕ್ಕಳನ್ನು ಪರೀಕ್ಷಿಸಿದಾಗ ಅಂಥ ಸಂಬಂಧವೇನೂ ಕಾಣಲಿಲ್ಲ. 2010ರಲ್ಲಿ ಪತ್ರಿಕೆಯು ಆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಅವನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಶಾಸ್ತ್ರವೂ ತಪ್ಪುತ್ತದೆಂಬುದಕ್ಕೆ ಇದನ್ನು ಉದಾಹರಿಸುವವರುಂಟು. ಹೌದು, ತಪ್ಪಿತು; ಹನ್ನೆರಡು ವರ್ಷ ತಡವಾಗಿಯಾದರೂ ತಪ್ಪನ್ನು ತಿದ್ದಿಕೊಂಡಿತು. ಆದರೆ ಆ ಲೇಖನದಿಂದ ಹುಟ್ಟಿದ ವದಂತಿಯನ್ನು ಹಿಂತೆಗೆದುಕೊಳ್ಳುವವರು ಯಾರೂ ಇಲ್ಲ. ಅದಿನ್ನೂ ಊರೂರು ಅಲೆಯುತ್ತಿದೆ. ಎಂದೂ ತಪ್ಪದವನು ಲೋಕದಲ್ಲಿ ಯಾರೂ ಇಲ್ಲವಾದ್ದರಿಂದ, ತಪ್ಪನ್ನು ತಿದ್ದಿಕೊಳ್ಳುವ ಕ್ರಮವುಳ್ಳವನ ಮಾತಿಗೆ ಹೆಚ್ಚು ತೂಕ ಕೊಡುವುದು ನ್ಯಾಯ.

ಇಲ್ಲಿ ಅಜ್ಜಿಯರ ಪರವಾಗಿಯೂ ಎರಡು ಮಾತು ಹೇಳಬೇಕು. ಅವರಲ್ಲಿ ವಾತ್ಸಲ್ಯಕ್ಕೆ ಕೊರತೆಯಿಲ್ಲ; ಹೇಳುವುದರಲ್ಲಿ ಕಪಟವಿಲ್ಲ; ಹೊಣೆಯಂತೂ ಪೂರ್ತಿಯಾಗಿದೆ, ಏಕೆಂದರೆ ಅವರು ಅದೇ ಮನೆಯಲ್ಲಿ ಇರತಕ್ಕವರು. ಕೊರತೆಯಾಗಬಹುದಾದದ್ದು ಅರಿವೊಂದೇ. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವುದು, ಹೊಟ್ಟೆಯುಬ್ಬರಕ್ಕೆ ಕಾಸಿದ ಬಳೆಚೂರಿನಿಂದ ಬರೆಯಿಡುವುದು, ಇವು ಪ್ರೀತಿಯಿಂದಲೇ ನಡೆದುಬಂದ ಪದ್ಧತಿಗಳು. ಜೇನಿನಲ್ಲಿರಬಹುದಾದ ಸೂಕ್ಷ್ಮಬೀಜವು ವರ್ಷ ತುಂಬದ ಶಿಶುವಿನ ಕರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲುದೆಂದು ಈಗ ಗೊತ್ತಾಗಿದೆ. ಬರೆಯ ವಿಷಯವನ್ನು ಹೇಳಬೇಕಾದುದೇ ಇಲ್ಲ. ಪ್ರೀತಿಯು ಜ್ಞಾನದ ಸ್ಥಾನವನ್ನು ತುಂಬಲಾರದು. ಆದರೆ ಅಜ್ಜಿಯಲ್ಲಿರುವ ಒಂದು ಪ್ರಮಾಣವು ಫೋನಿಗೆ ಎಂದಿಗೂ ದೊರೆಯದು. ಅದು ಪ್ರತ್ಯಕ್ಷ. "ಈ ಅಳು ನಿನ್ನೆಯ ಅಳುವಲ್ಲ", "ಕೂಸು ಕಣ್ಣಿಟ್ಟು ನೋಡುತ್ತಿಲ್ಲ" ಎಂದು ಅವಳು ಹೇಳುವಾಗ ಅವಳು ಕಂಡು ಹೇಳುತ್ತಾಳೆ. ಹಾಲು ಕುಡಿಯಲಾರದೆ ಹೋಗುವುದು, ಕುಡಿದುದೆಲ್ಲ ವಾಂತಿಯಾಗುವುದು, ಸೆಟೆದುಕೊಳ್ಳುವುದು, ಎಬ್ಬಿಸಿದರೂ ಏಳದೆ ಮಂಕಾಗುವುದು: ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಗುರುತುಗಳೆಂದು ವೈದ್ಯರು ಎಣಿಸುವ ಇವೆಲ್ಲವೂ ಮಗುವಿನ ಮುಖವನ್ನು ನೋಡಿ ತಿಳಿಯತಕ್ಕವು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಅದಕ್ಕೆ ಮೇಲ್ಪಟ್ಟು ಜ್ವರ ಬಂದರೆ ಬೇರೆ ಯಾವ ಗುರುತಿಗೂ ಕಾಯಬಾರದೆಂಬುದೂ ಅವರ ಮಾತೇ. ಅಂಥ ವೇಳೆಯಲ್ಲಿ ಫೋನಿನ ಮೇಲೆ ಕಣ್ಣಿಟ್ಟು ಕುಳಿತಿರುವ ತಾಯಿಯು ಮಗುವಿನ ಮೇಲಿನ ಕಣ್ಣನ್ನು ತೆಗೆದಿರುತ್ತಾಳೆ. ಹುಡುಕುತ್ತ ಕಳೆದ ಒಂದು ಗಂಟೆಯು ದಾರಿಯಲ್ಲಿ ಕಳೆಯಬೇಕಾಗಿದ್ದ ಗಂಟೆಯಾಗಬಹುದು.

ನಮ್ಮ ಸೀಮೆಯ ರೈತನಿಗೆ ಈ ವಿವೇಕವನ್ನು ಯಾರೂ ಕಲಿಸಬೇಕಾಗಿಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯನ್ನು ಅವನು ಕಿವಿಯ ಬಳಿ ಅಲುಗಿಸಿ ನೋಡುತ್ತಾನೆ. ಕೊಬ್ಬರಿ ಕೊಳ್ಳುವ ವರ್ತಕನು ಚೀಲದೊಳಕ್ಕೆ ಕೈಹಾಕಿ, ಹೊರಗೆ ಹೊಳೆಯುವ ಉಂಡೆಯು ಒಳಗೆ ಕೌಟಾಗಿದೆಯೇ ಎಂದು ಒಡೆದು ಪರೀಕ್ಷಿಸುತ್ತಾನೆ. ತೆಂಗಿಗೆ ನುಸಿಪೀಡೆ ಹತ್ತಿ ಕಾಯಿಗಳೆಲ್ಲ ಸುರುಟಿಹೋದ ಕಾಲದಲ್ಲಿ ಮದ್ದು ಹೇಳುವವರಿಗೆ ಬರವಿರಲಿಲ್ಲ. ಆಗ ರೈತನು ಕೇಳುತ್ತಿದ್ದ ಪ್ರಶ್ನೆಗಳು ಮೂರು: "ನಿನ್ನ ತೋಟದಲ್ಲಿ ಹಾಕಿ ನೋಡಿದೆಯಾ? ಮದ್ದು ಮಾರಿದರೆ ನಿನಗೇನು ಸಿಕ್ಕುತ್ತದೆ? ಮರ ಒಣಗಿದರೆ ನಿನ್ನನ್ನು ಎಲ್ಲಿ ಹುಡುಕಲಿ?" ಅರಿವು, ನಿಷ್ಕಪಟತೆ, ಹೊಣೆ ಎಂದು ನಾವು ಮೇಲೆ ಶಾಸ್ತ್ರಭಾಷೆಯಲ್ಲಿ ಹೇಳಿದುದು ಇವೇ ಮೂರು. ಒಂದು ತೆಂಗಿನ ಮರಕ್ಕೆ ಕೇಳುವ ಪ್ರಶ್ನೆಗಳನ್ನು ಒಂದು ಮಗುವಿಗಾಗಿ ಕೇಳದೆ ಹೋದರೆ ನಮ್ಮನ್ನು ಏನೆನ್ನಬೇಕು?

ಇನ್ನು ಮೂರನೆಯ ಪ್ರಶ್ನೆ. ಇಂಗ್ಲೆಂಡಿನ ಗಣಿತಜ್ಞನಾದ ಕ್ಲಿಫರ್ಡ್ ಎಂಬುವನು 1877ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ಅದರಲ್ಲಿ ಒಬ್ಬ ಹಡಗಿನ ಒಡೆಯನ ದೃಷ್ಟಾಂತ ಬರುತ್ತದೆ. ಹಡಗು ಹಳೆಯದು, ದುರಸ್ತಿ ಬೇಕೆಂಬ ಸಂದೇಹ ಅವನಿಗಿತ್ತು, ಆದರೆ ಅವನು ಸಂದೇಹಗಳನ್ನು ಅದುಮಿಕೊಂಡು, ಎಲ್ಲವೂ ಸರಿಯಾಗಿದೆಯೆಂದು ಮನಸಾರ ನಂಬಿ, ಜನರನ್ನು ಹತ್ತಿಸಿ ಕಳುಹಿಸಿದನು, ಹಡಗು ಮುಳುಗಿತು. ಅವನು ದೋಷಿಯೆಂಬುದರಲ್ಲಿ ಸಂದೇಹವಿಲ್ಲ. ಕ್ಲಿಫರ್ಡನು ಮುಂದುವರಿದು ಕೇಳುತ್ತಾನೆ: ಹಡಗು ಮುಳುಗದೆ ಕ್ಷೇಮವಾಗಿ ದಡ ಸೇರಿದ್ದರೆ? ಆಗಲೂ ಅವನು ಅಷ್ಟೇ ದೋಷಿ, ಸಿಕ್ಕಿಬೀಳಲಿಲ್ಲ, ಅಷ್ಟೆ. ಏಕೆಂದರೆ ದೋಷವಿರುವುದು ಫಲದಲ್ಲಲ್ಲ, ಹಾಗೆ ನಂಬುವುದಕ್ಕೆ ಅವನಿಗೆ ಅಧಿಕಾರವಿರಲಿಲ್ಲವೆಂಬುದರಲ್ಲಿ.

ಇದಕ್ಕೆ ಅಮೆರಿಕದ ವಿಲಿಯಂ ಜೇಮ್ಸನು 1896ರಲ್ಲಿ ಪ್ರತ್ಯುತ್ತರವೊಂದನ್ನು ಕೊಟ್ಟನು. ಜೀವನದಲ್ಲಿ ಕೆಲವು ಸಂದರ್ಭಗಳು ಕಾಯುವುದಿಲ್ಲ. ಸಾಕಷ್ಟು ಸಾಕ್ಷ್ಯವಿಲ್ಲವೆಂದು ಸುಮ್ಮನೆ ಕುಳಿತುಕೊಳ್ಳುವುದೂ ಒಂದು ನಿರ್ಣಯವೇ ಆಗುತ್ತದೆ. ಬುದ್ಧಿಯಿಂದ ನಿರ್ಣಯಿಸಲಾಗದ ಅಂಥಲ್ಲಿ ಹೃದಯವು ಮುಂದೆ ಬಂದು ನಂಬುವುದು ಅಧರ್ಮವಲ್ಲ, ಎಂಬುದು ಅವನ ಅಭಿಪ್ರಾಯದ ಸಾರ. ರಾತ್ರಿ ಎರಡು ಗಂಟೆಗೆ ಕಾದ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ತಾಯಿಯ ಸ್ಥಿತಿಯು ಇಂಥದೇ. ಅವಳಿಂದ ಕ್ಲಿಫರ್ಡನ ಕಟ್ಟುನಿಟ್ಟನ್ನು ನಿರೀಕ್ಷಿಸುವುದು ಕ್ರೌರ್ಯ. ಅವಳು ಕೈಗೆ ಸಿಕ್ಕಿದ ಹಗ್ಗವನ್ನು ಹಿಡಿದುಕೊಂಡರೆ ಅವಳನ್ನು ದೂಷಿಸಲು ನನಗೆ ಮನಸ್ಸು ಬಾರದು. ಆದರೆ ಗಮನಿಸಿ: ನನ್ನಂಥವನಿಗೆ ಈ ವಿನಾಯಿತಿಯು ಸಲ್ಲುವುದಿಲ್ಲ. ನಾನು ಆ ಸಂದೇಶವನ್ನು ಕಳುಹಿಸಿದ್ದು ಹಗಲು ಹೊತ್ತಿನಲ್ಲಿ, ಜಗುಲಿಯ ಮೇಲೆ ಕುಳಿತು, ಕಾಫಿ ಕುಡಿಯುತ್ತ. ಯಾವ ಮಗುವೂ ನನ್ನ ತೊಡೆಯ ಮೇಲೆ ಇರಲಿಲ್ಲ. ನಾನು ಆಗಲೇ ನಿರ್ಣಯಿಸಬೇಕೆಂದು ಯಾವುದೂ ನನ್ನನ್ನು ಬಲಾತ್ಕರಿಸಿರಲಿಲ್ಲ. ಸಂಶಯವಿದ್ದರೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳುವುದಕ್ಕೆ ಬೇಕಾದಷ್ಟು ಸಮಯವಿತ್ತು. ಸಂಕಟದಲ್ಲಿ ನಂಬುವವಳಿಗೆ ಕ್ಷಮೆಯುಂಟು. ವಿರಾಮದಲ್ಲಿ ಹರಡುವವನಿಗೆ ಇಲ್ಲ. ಈ ಭೇದವೇ ನನ್ನ ವಿಚಾರದ ಮುಖ್ಯಾಂಶ.

"ಯಾವುದಕ್ಕೂ ಇರಲಿ" ಎಂಬ ಮಾತನ್ನು ನಾವು ಎಚ್ಚರಿಕೆಯ ಮಾತೆಂದು ತಿಳಿದಿದ್ದೇವೆ. ವಾಸ್ತವವಾಗಿ ಅದು ಅಜಾಗರೂಕತೆಗೆ ಹೊದಿಸಿದ ಶಾಲು. ದಡಾರವು ಕ್ಷುಲ್ಲಕವಾದ ರೋಗವಲ್ಲ. ಮೈಯಲ್ಲಿ ತಡೆಯುವ ಶಕ್ತಿಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಅಂಟಬಲ್ಲುದು. ಶ್ವಾಸಕೋಶಕ್ಕೂ ಮೆದುಳಿಗೂ ಏರಿ ಕೊಲ್ಲಬಲ್ಲುದು. ಅದರ ಹಬ್ಬುವಿಕೆಯನ್ನು ತಡೆಯಬೇಕಾದರೆ ನೂರಕ್ಕೆ 95 ಮಂದಿಯಾದರೂ ರಕ್ಷಿತರಾಗಿರಬೇಕು. ಹೀಗಿರಲಾಗಿ ಮದ್ದು ಬೇಡವೆನ್ನುವುದೂ ಒಂದು ಅಪಾಯವನ್ನು ಆರಿಸಿಕೊಂಡಂತೆಯೇ. ಅದೂ ತನ್ನ ಮಗುವಿಗಷ್ಟೇ ಅಲ್ಲ, ಇನ್ನೂ ಒಂಬತ್ತು ತಿಂಗಳು ತುಂಬದೆ ಮದ್ದಿಗೆ ಕಾದಿರುವ ನೆರೆಮನೆಯ ಕೂಸಿಗೂ.

ಹಡಗು ಮುಳುಗಿದ ಕಥೆಯೂ ನಮ್ಮ ನಾಡಿನಲ್ಲಿಯೇ ಇದೆ. 2018ರ ಜುಲೈ ತಿಂಗಳಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ಫೋನುಗಳಲ್ಲಿ ತುಂಬಿದ್ದ ದಿನಗಳಲ್ಲಿ, ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರಸ್ಥಳದವರ ಮೇಲೆ ಜನರು ಬಿದ್ದು, ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿದರು. ಆ ಸುಳ್ಳನ್ನು ರವಾನಿಸಿದ ಸಾವಿರಾರು ಮಂದಿಯಲ್ಲಿ ಯಾರೂ ಕೊಲ್ಲಬೇಕೆಂದು ಬಯಸಿದವರಲ್ಲ. ಎಲ್ಲರೂ "ಮಕ್ಕಳ ವಿಷಯ, ಯಾವುದಕ್ಕೂ ಇರಲಿ" ಎಂದುಕೊಂಡವರೇ. ಅವರಿಗೂ ನನಗೂ ಇರುವ ವ್ಯತ್ಯಾಸವು ಅದೃಷ್ಟವೊಂದೇ. ಮಕ್ಕಳ ಮೇಲಿನ ಪ್ರೀತಿಯು ಪರೀಕ್ಷೆಯಿಂದ ನಮಗೆ ವಿನಾಯಿತಿ ಕೊಡುವುದಿಲ್ಲ. ಪರೀಕ್ಷೆಯನ್ನು ಹೆಚ್ಚು ಕಠಿನವಾಗಿ ನಡಸಬೇಕೆಂದು ಅದು ನಮ್ಮನ್ನು ಕಟ್ಟುತ್ತದೆ.

ಹೊಣೆಯು ತಾಯಿತಂದೆಗಳದೂ ಸಂದೇಶ ಕಳುಹಿಸುವವರದೂ ಮಾತ್ರವಲ್ಲ. ತಾಯಂದಿರು ಫೋನನ್ನು ಏಕೆ ಕೇಳುತ್ತಾರೆ? ಎಷ್ಟೋ ವೇಳೆ, ಕೇಳಬೇಕಾದವರು ಕಿವಿಗೊಡದಿರುವುದರಿಂದ. ಎರಡು ಗಂಟೆ ಕಾದು ಎರಡು ನಿಮಿಷ ಮಾತನಾಡಿ, "ಹೇಳಿದಷ್ಟು ಮಾಡಮ್ಮ" ಎನಿಸಿಕೊಂಡು ಹಿಂದಿರುಗಿದವಳು ಮನೆಗೆ ಬಂದು ಮೊದಲು ಮಾಡುವ ಕೆಲಸವೇ ಚೀಟಿಯಲ್ಲಿರುವ ಔಷಧದ ಹೆಸರನ್ನು ಗೂಗಲಿನಲ್ಲಿ ಹುಡುಕುವುದು. ಪ್ರಶ್ನೆಯನ್ನು ಅವಮಾನವೆಂದು ತಿಳಿಯದೆ ಉತ್ತರ ಕೊಡುವ ವೈದ್ಯನು ನೂರು ಸುಳ್ಳುಗಳ ಬಾಯನ್ನು ಮುಚ್ಚುತ್ತಾನೆ.

ಮತ್ತೊಂದು ಹೊಣೆಯು ನಮ್ಮಂಥ ಸಾಹಿತ್ಯಾಭಿಮಾನಿಗಳ ಮೇಲಿದೆ. ಮಕ್ಕಳ ಆರೋಗ್ಯವನ್ನು ಕುರಿತ ಪ್ರಮಾಣಭೂತವಾದ ಬರೆವಣಿಗೆಯು ಬಹುಪಾಲು ಇಂಗ್ಲಿಷಿನಲ್ಲಿಯೇ ಇದೆ. ಕನ್ನಡಕ್ಕೆ ಬಂದಾಗಲೂ ಎಷ್ಟೋ ಸಲ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಬರುತ್ತದೆ. ಸುಳ್ಳೋ, ಮನೆಮಾತಿನ ಕನ್ನಡದಲ್ಲಿ, ಗಾದೆಗಳೊಡನೆ, ಅಕ್ಕರೆಯ ಧ್ವನಿಯಲ್ಲಿ ಬರುತ್ತದೆ. ನಿಜವು ಒರಟಾಗಿಯೂ ಸುಳ್ಳು ಸವಿಯಾಗಿಯೂ ಇದ್ದರೆ ಜನರು ಯಾವುದಕ್ಕೆ ಕಿವಿಗೊಟ್ಟಾರು? ಅನುಪಮಾ ನಿರಂಜನ ಅವರು ಹಿಡಿದ ದಾರಿಯನ್ನು ಈ ಕಾಲಕ್ಕೆ ತಕ್ಕಂತೆ ಮುಂದುವರಿಸುವುದು ಭಾಷಾಸೇವೆಯೂ ಹೌದು, ಶಿಶುಸೇವೆಯೂ ಹೌದು. ಜಿಲ್ಲೆಯ ವೈದ್ಯರೂ ಲೇಖಕರೂ ಒಟ್ಟಿಗೆ ಕುಳಿತರೆ ಇದು ಅಸಾಧ್ಯವಾದ ಕೆಲಸವೇನೂ ಅಲ್ಲ.

ನನ್ನ ವೃತ್ತಾಂತವನ್ನು ಮುಗಿಸುತ್ತೇನೆ. ಅಂದು ಸಂಜೆ ನನ್ನ ವಿದ್ಯಾರ್ಥಿಯ ಜಗುಲಿಯಲ್ಲಿ ಕುಳಿತು, "ಅದು ಸುಳ್ಳು ಕಣಯ್ಯ, ನಾನು ಓದದೆ ಕಳುಹಿಸಿದೆ, ತಪ್ಪು ನನ್ನದು" ಎಂದೆನು. ಮೇಷ್ಟರು ತಪ್ಪೊಪ್ಪಿಕೊಳ್ಳುವುದನ್ನು ಕೇಳಿ ಅವನಿಗೇ ಸಂಕೋಚವಾಯಿತು. ಅವನ ಹೆಂಡತಿ ಒಳಗಿನಿಂದ ಬಂದು, "ನಾಳೆಯೇ ಕರಕೊಂಡು ಹೋಗ್ತೀವಿ ಬಿಡಿ" ಎಂದಳು. ಆ ಕಾರ್ಯವು ಇನ್ನೂ ಮುಗಿದಿರಲಿಲ್ಲವಾದ್ದರಿಂದ ಮರುದಿನವೇ ಮಗುವಿಗೆ ಚುಚ್ಚುಮದ್ದಾಯಿತು. ಈಗ ಅವಳು ಕಾಲೇಜಿಗೆ ಹೋಗುವ ವಯಸ್ಸಿಗೆ ಹತ್ತಿರವಾಗಿದ್ದಾಳೆ. ಹಡಗು ದಡ ಸೇರಿತು. ಆದರೆ ಅಂದು ನಾನು ಏಳುತ್ತಿರುವಾಗ ಅವನು ಮೆಲ್ಲನೆ ಒಂದು ಮಾತು ಹೇಳಿದನು: "ಮೇಷ್ಟ್ರೇ, ನಾನೂ ಅದನ್ನ ಆಗಲೇ ಬೇರೆಯವರಿಗೆ ಕಳಿಸಿಬಿಟ್ಟಿದ್ದೀನಲ್ಲ?" ನಾವಿಬ್ಬರೂ ಆ ರಾತ್ರಿ ಕುಳಿತು, ತಿಳಿದವರಿಗೆಲ್ಲ ಅದು ಸುಳ್ಳೆಂದು ಬರೆದು ಕಳುಹಿಸಿದೆವು. ಕೆಲವರು ಉತ್ತರ ಕೊಟ್ಟರು, ಹಲವರು ಕೊಡಲಿಲ್ಲ. ಅವರಿಂದ ಅದು ಮುಂದೆ ಯಾರಿಗೆ ಹೋಯಿತು, ಯಾವ ಊರಿನ ಯಾವ ಕೂಸು ಅಂದು ಮನೆಯಲ್ಲಿಯೇ ಉಳಿಯಿತು, ನನಗೆ ತಿಳಿಯುವ ಉಪಾಯವಿಲ್ಲ.

ಈಗ ನನ್ನ ಫೋನಿಗೆ ಮಕ್ಕಳ ವಿಷಯವಾಗಿ ಏನಾದರೂ ಬಂದರೆ ರೈತನ ಆ ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಉತ್ತರ ಸಿಕ್ಕದಿದ್ದರೆ ಅದು ನನ್ನಲ್ಲಿಗೇ ನಿಲ್ಲುತ್ತದೆ. ಇದು ದೊಡ್ಡ ಧರ್ಮವೇನೂ ಅಲ್ಲ. ಆದರೆ ಮನೆಯ ಜಗುಲಿಯಲ್ಲಿ ಕುಳಿತು ವೃದ್ಧನೊಬ್ಬನು ಮಾಡಬಹುದಾದಷ್ಟು ಶಿಶುಪಾಲನೆ ಇದರಲ್ಲಿದೆ ಎಂದು ನಾನು ತಿಳಿದಿದ್ದೇನೆ.